ಸುಳ್ಳು ಚೀಟಿ

ಡಂಡೀ, ನವೆಂಬರು. ಮಧ್ಯಾಹ್ನ ನಾಲ್ಕಕ್ಕೆಲ್ಲ
ಟೇ ನದಿಯ ಮೇಲೆ ಕತ್ತಲು ಬಿದ್ದು
ರೈಲು ಸೇತುವೆ ಅರ್ಧಕ್ಕೇ ಮುಗಿದ ಹಾಗೆ ಕಾಣುತ್ತದೆ.
ಸಾಲದ್ದಕ್ಕೆ ಒಳಗಿನ ದೀಪವನ್ನೂ ನಾನೇ ಆರಿಸುತ್ತೇನೆ.
‘ಯಾಕೆ ಇಷ್ಬೆಲ್?’ ಅನ್ನುತ್ತಾನೆ ಲಾಕ್ಲನ್.
ಬಂದು ಇನ್ನೂ ಒಂಬತ್ತು ದಿನ.
ಇದಕ್ಕೆ ಬೆಳಕು ಆಗಿಬರುವುದಿಲ್ಲ ಕಣೋ.

ಮೈನಸ್ ಎಂಬತ್ತರ ಪೆಟ್ಟಿಗೆಯಿಂದ ತೆಗೆದ ಟ್ಯೂಬು,
ತಳದಲ್ಲಿ ಐವತ್ತು ಮೈಕ್ರೋಗ್ರಾಮು,
ನನ್ನ ಅರ್ಧ ತಿಂಗಳ ಬಾಡಿಗೆ.
ಬೆರಳ ಬಿಸಿ ತಾಗದಂತೆ ಹಿಡಿ. ಮಂಜುಗಡ್ಡೆಯಲ್ಲಿ ಇಡು.
ಈಗ ಕೇಳು.

ಜೀವಕೋಶದಲ್ಲಿ ಹಳತಾದ ಪ್ರೋಟೀನನ್ನು
ಯಾರೂ ಬೈಯುವುದಿಲ್ಲ, ಕತ್ತು ಹಿಡಿದು ದಬ್ಬುವುದಿಲ್ಲ.
ಮೈಗೊಂದು ಚೀಟಿ ಹೊಲಿಯುತ್ತಾರೆ, ಅಷ್ಟೆ.
ಅದರ ಮೇಲೊಂದು, ಅದರ ಮೇಲೆ ಮತ್ತೊಂದು.
ಎಪ್ಪತ್ತಾರು ಮಣಿ ಪೋಣಿಸಿದ ಚೀಟಿ,
ಎಲ್ಲೆಲ್ಲೂ ಇರುವುದಕ್ಕೆ ಯೂಬಿಕ್ವಿಟಿನ್ ಎಂದು ಹೆಸರು.
ಚೀಟಿ ಕಂಡರೆ ಗಾಣ ಬಾಯಿ ತೆರೆಯುತ್ತದೆ.
ಅಲ್ಲಿಗೆ ಕಥೆ ಮುಗಿಯಿತು.
ಮುಗಿಯದೆಯೂ ಇರಬಹುದು.
ಇನ್ನೊಂದು ಜಾತಿಯ ಕಿಣ್ವ ಇದೆ,
ಹಲ್ಲಿನಲ್ಲೇ ನೂಲು ಕಡಿಯುವ ದರ್ಜಿಯ ಹಾಗೆ
ಚೀಟಿಯ ಬುಡಕ್ಕೆ ಬಾಯಿ ಹಾಕಿ
ಕಚಕ್ಕನೆ ಕಡಿದು
‘ಹೋಗು, ಬದುಕಿಕೋ’ ಅನ್ನುತ್ತದೆ.
ಅನ್ನುತ್ತದೆ ಅಂದೆನೇ? ಅದಕ್ಕೆ ಮಾತಿಲ್ಲ.
ನಮ್ಮ ಫಜೀತಿಯೇ ಅದು. ಕಡಿದ ಸದ್ದು ಕೇಳಿಸುವುದಿಲ್ಲ.

ಅದಕ್ಕೇ ಈ ಮೋಸ.
ಚೀಟಿ ನಿಜ. ಬಾಲದ ತುದಿಯ ಜೋಡಿ ಗ್ಲೈಸಿನ್ ನಿಜ.
ಅದಕ್ಕೆ ಕಟ್ಟಿರುವುದು ಮಾತ್ರ ಪ್ರೋಟೀನನ್ನಲ್ಲ,
ಒಂದು ಚಿಟಿಕೆ ಬಣ್ಣವನ್ನು.
ಕಟ್ಟಿರುವ ತನಕ ಬಣ್ಣ ಮೂಕ.
ಕಿಣ್ವ ಬರುತ್ತದೆ, ಯಾರನ್ನೋ ಉಳಿಸಿದೆನೆಂದು
ನಂಬಿಕೊಂಡೇ ಕಡಿಯುತ್ತದೆ.
ಉಳಿಯಬೇಕಾದವರು ಅಲ್ಲಿ ಯಾರೂ ಇಲ್ಲ.
ಕಟ್ಟು ಬಿಚ್ಚಿದ ಬಣ್ಣ ಹಸಿರಾಗಿ ಹೊಳೆಯುತ್ತದೆ,
ಯಂತ್ರ ಅಷ್ಟನ್ನು ಎಣಿಸಿಕೊಳ್ಳುತ್ತದೆ.

‘ಪಾಪ’ ಅಂದ.
ಪಾಪ ಗೀಪ ಆಮೇಲೆ. ಮೊದಲು ಕಪ್ಪು ತಟ್ಟೆ ತಾ,
ಮುನ್ನೂರ ಎಂಬತ್ತನಾಲ್ಕು ಗುಳಿಯದ್ದು.
ಡಿಟಿಟಿ ಬೆರೆಸಿದೆಯಾ? ಕೊಳೆತ ಮೊಟ್ಟೆಯ ನಾತ
ಮೂಗಿಗೆ ಬಡಿಯಲಿಲ್ಲವಾದರೆ ಬೆರೆಸಿಲ್ಲ ಎಂದೇ ಅರ್ಥ.

ಮೊದಲ ಸಾಲು ಏರಿತು, ಗುಡ್ಡ ಹತ್ತುವ ಹುಡುಗನಂತೆ.
ಎರಡನೆಯದು ಅದರ ಬೆನ್ನಿಗೇ.
ಮೂರನೆಯದು ಕರ್ಕಾಡಿಯ ಒಂದು ಮನೆತನದ ಕಿಣ್ವ,
ಒಂದೇ ಒಂದು ಅಕ್ಷರ ತಪ್ಪಿದ್ದು.
ಐದು ನಿಮಿಷ. ಹತ್ತು. ನಲವತ್ತು.
ಗೆರೆ ಚಾಪೆ ಹಾಸಿದ ಹಾಗೆ ಮಲಗಿತ್ತು.
ಲಾಕ್ಲನ್ ತೆರೆಯನ್ನು ಬೆರಳಿಂದ ತಟ್ಟಿ ನೋಡಿದ.
ಆ ಮನೆಯ ಮೂವರ ಹೆಸರು ಫೈಲಿನಲ್ಲಿ ಇಲ್ಲ,
ಬರೀ ಅಂಕಿಗಳಿವೆ. ಒಂದರ ವಯಸ್ಸು ಹನ್ನೊಂದು.
ನಾನು ಅದನ್ನು ಅವನಿಗೆ ಹೇಳಲಿಲ್ಲ.

ಕೊನೆಯ ಸಾಲು ನೋಡು, ಅಂದೆ.
ಕಿಣ್ವವನ್ನೇ ಹಾಕದ ಗುಳಿ, ಆದರೂ ತುಸು ಏರಿದೆ.
ಯಾರೂ ಕಡಿಯದೆ ತಾವಾಗಿ ಕಳಚಿಕೊಳ್ಳುವವೂ ಇರುತ್ತವೆ.
ಅಷ್ಟನ್ನು ಎಲ್ಲದರಿಂದ ಕಳೆಯಬೇಕು. ಬರೆದುಕೋ.

ಏಳಕ್ಕೆ ಕೋಟು ತೊಟ್ಟೆ.
ಪರ್ತ್ ರಸ್ತೆಯ ದಾನದಂಗಡಿಯಲ್ಲಿ ಆರು ಪೌಂಡಿಗೆ ಕೊಂಡದ್ದು.
ಕಾಲರಿನ ಒಳಗೆ ಕೆಂಪು ನೂಲಿನ ಹೊಲಿಗೆ:
ಆರ್. ಗೆಡ್ಡಿಸ್, ವಾರ್ಡ್ ಆರು.
‘ಕತ್ತರಿ ಕೊಡಲಾ?’ ಅಂದ, ಡ್ರಾಯರು ಎಳೆಯುತ್ತಲೇ.

ಬೇಡ, ಇರಲಿ ಬಿಡು.
ಎರಡು ಚಳಿಗಾಲ ಕತ್ತಿಗೆ ಉಜ್ಜಿದೆ, ಈಗ ಒಗ್ಗಿದೆ.
ಯಾರೋ ಕನ್ನಡಕ ಹಾಕಿಕೊಂಡು ಕೂತು ಹೊಲಿದದ್ದು,
ಗಂಟು ಎರಡೆರಡು ಸಲ ಹಾಕಿದ್ದಾರೆ.
ಆರ್. ಗೆಡ್ಡಿಸ್ ಮನೆಗೆ ಹೋದರೋ ಇಲ್ಲವೋ.

ಮತ್ತೆ ಲಾಕ್ಲನ್, ಎಲ್ಲ ಚೀಟಿಯೂ ಗಾಣಕ್ಕೆ ಕಳಿಸುವುದಿಲ್ಲ.
ಕೆಲವು ಬರೀ ವಿಳಾಸ:
ಇಲ್ಲಿಗೆ ಹೋಗು, ಇವರ ಪಕ್ಕ ನಿಲ್ಲು, ಅಂತ.
ಅದನ್ನು ನಾಳೆ ಹೇಳುತ್ತೇನೆ.
ಈಗ ಉಳಿದ ಟ್ಯೂಬನ್ನು ಮತ್ತೆ ಕತ್ತಲಲ್ಲಿಡು,
ತಾರೀಕು ಬರೆದು.